ಮೈಕಿನಲ್ಲಿ ಆಡಿದ ಮಾತು

ಆ ಮಾತು ಕೇಳಿದಾಗ ನಾನೂ ನಕ್ಕಿದ್ದೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ದೊಡ್ಡ ನಗುವೇನಲ್ಲ. ವೇದಿಕೆಯ ಮೂಲೆಯಲ್ಲಿ ಪ್ರಮಾಣಪತ್ರಗಳ ಕಟ್ಟು ಹಿಡಿದು ನಿಂತಿದ್ದವಳು, ಎಲ್ಲರೂ ನಕ್ಕರೆಂದು ತುಟಿ ಅಗಲಿಸಿದೆ, ಅಷ್ಟೆ. ಆದರೆ ಆ ಹೆಣ್ಣುಮಗಳು ಆ ಹೊತ್ತಿನಲ್ಲಿ ತಿರುಗಿ ನೋಡಿದ್ದು ನನ್ನ ಮುಖವನ್ನೇ.

ತೊಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ಚಳ್ಳಕೆರೆಯ ಒಂದು ಟ್ರಸ್ಟಿನ ಕಚೇರಿಯಲ್ಲಿ ನಾನು ಕೆಲಸಕ್ಕಿದ್ದೆ. ಎಣ್ಣೆ ಮಿಲ್ಲಿನವರು, ಶೇಂಗಾ ಮಂಡಿಯವರು, ನಾಲ್ಕಾರು ಕಡೆ ಜಮೀನಿದ್ದವರು ಸೇರಿ ಕಟ್ಟಿದ ಸಂಸ್ಥೆ. ಹಳ್ಳಿಯಿಂದ ಓದಲು ಬರುವ ಹುಡುಗಿಯರಿಗೆ ಒಂದು ಹಾಸ್ಟೆಲ್, ವರ್ಷಕ್ಕೊಂದು ಕಣ್ಣಿನ ಶಿಬಿರ, ಚಳ್ಳಕೆರೆಯಲ್ಲಿ ಒಂದು, ಮೊಳಕಾಲ್ಮೂರಿನಲ್ಲಿ ಒಂದು ಹೊಲಿಗೆ ತರಬೇತಿ ಕೇಂದ್ರ. ಆಡಳಿತ ಮಂಡಳಿಯಲ್ಲಿ ಏಳು ಜನ ಟ್ರಸ್ಟಿಗಳು. ಏಳೂ ಜನ ಗಂಡಸರು. ಸಂಸ್ಥೆ ಮಾಡುತ್ತಿದ್ದುದೆಲ್ಲ ಹೆಂಗಸರ ಕೆಲಸ, ಅದನ್ನು ನಿರ್ಧರಿಸುತ್ತಿದ್ದವರು ಬಿಳಿ ಪಂಚೆಯ ಏಳು ಜನ. ಅದು ನನಗೆ ಆಗ ವಿಚಿತ್ರ ಅನ್ನಿಸಿರಲಿಲ್ಲ. ಎರಡೂ ಕೇಂದ್ರಗಳ ಮೇಲ್ವಿಚಾರಣೆ ನನ್ನದು. ಮಂಡಳಿಯ ಸಭೆ ನಡೆದಾಗ ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಕೂತು ನಡಾವಳಿ ಬರೆಯುವುದೂ ನನ್ನದೇ.

ಆ ಕೆಲಸ ಕೊಡಿಸಿದ್ದು ಮಾವ. ಅವ್ವನಿಗೆ ದೊಡ್ಡಪ್ಪನ ಮಗ, ಏಳು ಜನರಲ್ಲಿ ಒಬ್ಬರು. ಹೆಸರು ಬರೆಯುವುದಿಲ್ಲ. ಒಂದು ಹೆಸರು ಬರೆದರೆ ಎಲ್ಲವನ್ನೂ ಆ ಒಬ್ಬರ ತಲೆಗೆ ಕಟ್ಟಿ ಉಳಿದವರೆಲ್ಲ ಪಾರಾಗಿಬಿಡುತ್ತಾರೆ, ನಾನೂ ಸೇರಿ. ಮಾವ ಊರಿಗೆ ಬೇಕಾದ ಮನುಷ್ಯ. ಯಾರದೋ ಹೆರಿಗೆ ಕಷ್ಟವಾದರೆ ತಮ್ಮ ಜೀಪಿನಲ್ಲೇ ಚಿತ್ರದುರ್ಗಕ್ಕೆ ಕರೆದೊಯ್ದು ಬಿಡುತ್ತಿದ್ದರು. ಹಾಸ್ಟೆಲ್ಲಿಗೆ ಜಾಗ ಕೊಟ್ಟಿದ್ದೂ ಅವರೇ. ಮಾತು ಶುರುಮಾಡಿದರೆ ಜನ ಸುತ್ತ ಸೇರುತ್ತಿದ್ದರು. ಆ ಮಾತಿನಲ್ಲಿ ಮುಕ್ಕಾಲು ಪಾಲು ಹೆಂಗಸರ ಮೇಲೆ. ಯಾರ ಬಣ್ಣ ಹೇಗೆ, ಯಾರ ನಡಿಗೆ ಹೇಗೆ, ಯಾರ ಗಂಡ ಯಾಕೆ ಬಿಟ್ಟ. ಅದಕ್ಕೆ ಯಾರಾದರೂ ಮುಖ ಸಿಂಡರಿಸಿದರೆ ಪಕ್ಕದವರು ಹೇಳುತ್ತಿದ್ದುದು ಒಂದೇ: "ಬಾಯಿ ಒಂದು ಬಿಟ್ರೆ ಅಪ್ಪಟ ಮನುಷ್ಯ ಕಣ್ರಿ." ಆ ವಾಕ್ಯವನ್ನು ನಾನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಇವತ್ತಿಗೂ ಯಾರಾದರೂ ಯಾರ ಬಗ್ಗೆಯಾದರೂ ಹಾಗೆ ಹೇಳಿದರೆ ನನಗೆ ಮೈ ಉರಿಯುತ್ತದೆ.

ಆ ವರ್ಷ ಎರಡೂ ಕೇಂದ್ರಗಳಲ್ಲಿ ಕಲಿತವರಿಗೆ ಪ್ರಮಾಣಪತ್ರ ಕೊಡುವ ಸಮಾರಂಭ ಮೊಳಕಾಲ್ಮೂರಿನ ಒಂದು ಕಲ್ಯಾಣ ಮಂಟಪದಲ್ಲಿತ್ತು. ಚಳ್ಳಕೆರೆಯವರನ್ನು ಟೆಂಪೋದಲ್ಲಿ ಕರೆದುಕೊಂಡು ಹೋಗಿದ್ದೆ. ಕಲಿತವರ ಮನೆಯವರು, ಸುತ್ತಲ ಹಳ್ಳಿಯವರು, ಮಂಟಪ ತುಂಬಿತ್ತು. ಹೆಸರು ಓದಿ ವೇದಿಕೆಗೆ ಕರೆಯುವ ಕೆಲಸ ನನ್ನದೆಂದು ಆಗಿತ್ತು. ಮಾವ ಎದ್ದು ಬಂದು "ತತ್ತಾ ಇಲ್ಲಿ, ನಿನ್ನ ದನಿ ಯಾರಿಗೆ ಕೇಳ್ಸುತ್ತೆ" ಅಂತ ಪಟ್ಟಿಯನ್ನೂ ಮೈಕನ್ನೂ ತೆಗೆದುಕೊಂಡರು. ನಾನು ಕೊಟ್ಟೆ.

ಮೊದಲ ನಾಲ್ಕೈದು ಹೆಸರು ಸುಮ್ಮನೆ ಓದಿದರು. ಆಮೇಲೆ ನನ್ನಿವಾಳದ ಒಬ್ಬ ಹುಡುಗಿ ಮೆಟ್ಟಿಲು ಹತ್ತಿದಳು. ಕಪ್ಪು ಬಣ್ಣದವಳು. "ಕರೆಂಟ್ ಹೋಗ್ದಂಗೆ ನೋಡ್ಕಳ್ರಪ್ಪಾ, ಈ ಹುಡುಗೀನ ಹುಡುಕಾಕೆ ಬ್ಯಾಟರಿ ಬೇಕಾಗ್ತೈತೆ" ಅಂದರು. ಮಂಟಪ ನಕ್ಕಿತು. ಜನ ನಕ್ಕಿದ್ದೇ ಅವರಿಗೆ ಹುರುಪು ಬಂತು. ಪ್ರತಿಯೊಬ್ಬರಿಗೂ ಒಂದೊಂದು ಸೇರಿಸತೊಡಗಿದರು. ಒಬ್ಬರ ಗಾತ್ರಕ್ಕೆ, ಒಬ್ಬರ ಹಲ್ಲಿಗೆ. ಹುಡುಗಿಯರು ತಲೆ ತಗ್ಗಿಸಿ ಪತ್ರ ತೆಗೆದುಕೊಂಡು ಓಡಿದಂತೆ ಇಳಿಯುತ್ತಿದ್ದರು.

ಆಮೇಲೆ ಕೊಂಡ್ಲಹಳ್ಳಿಯ ಅಕ್ಕನ ಹೆಸರು ಬಂತು. ನನಗಿಂತ ನಾಲ್ಕೈದು ವರ್ಷ ದೊಡ್ಡವಳು, ಎಲ್ಲರೂ ಅಕ್ಕ ಅನ್ನುತ್ತಿದ್ದರು. ಕುರಿ ಸಾಕುವ ಮನೆಯ ಸೊಸೆ. ಗಂಡ ಕುರಿ ಹೊಡೆದುಕೊಂಡು ಹೋದಲ್ಲಿ ಹಾವು ಕಚ್ಚಿ ಸತ್ತು ಮೂರು ವರ್ಷವಾಗಿತ್ತು. ಒಬ್ಬ ಮಗಳು. ಮೊಳಕಾಲ್ಮೂರು ಕೇಂದ್ರದಲ್ಲಿ ಅವಳಷ್ಟು ಚೊಕ್ಕವಾಗಿ ಕತ್ತರಿ ಆಡಿಸುವವರು ಇನ್ನೊಬ್ಬರಿರಲಿಲ್ಲ. ಆ ದಿನ ಅವಳ ಮಾವ, ಗಂಡನ ತಂದೆ, ಹೆಗಲ ಮೇಲೆ ಕಂಬಳಿ ಹಾಕಿಕೊಂಡು ಮೊಮ್ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಎರಡನೇ ಸಾಲಿನಲ್ಲಿ ಕೂತಿದ್ದರು.

ನಮ್ಮ ಮಾವ ಅವಳ ಹೆಸರು ಓದಿ, ಅವಳು ಮೇಲೆ ಬರುವವರೆಗೂ ಕಾದು ಹೇಳಿದರು: "ಈಯಮ್ಮಂಗೆ ಗಂಡ ಇಲ್ಲ. ಈಗ ಹೊಲಿಗೆ ಬೇರೆ ಕಲ್ತವ್ಳೆ. ಇನ್ನು ಯಾರ್ಯಾರ ಅಳತೆ ತಗಂತಾಳೋ ಏನೋ! ಕೊಂಡ್ಲಹಳ್ಳಿ ಗಂಡಸ್ರು ಒಸಿ ಹುಷಾರಾಗಿರ್ರಪ್ಪಾ."

ಮಂಟಪ ಹಾರಿಹೋಗುವಂತೆ ನಗು ಎದ್ದಿತು. ಅಕ್ಕ ನಿಂತಲ್ಲೇ ನಿಂತಳು. ನಾನು ಕೈಯಲ್ಲಿ ಅವಳ ಪ್ರಮಾಣಪತ್ರ ಹಿಡಿದಿದ್ದೆ. ಅವಳು ನನ್ನ ಕಡೆ ನೋಡಿದಳು. ನಾನು ನಗುತ್ತಿದ್ದೆ. ಪತ್ರ ತೆಗೆದುಕೊಳ್ಳದೆ ಮೆಟ್ಟಿಲಿಳಿದು ಹೋದಳು. ಅವಳ ಮಾವ ಅಷ್ಟರಲ್ಲಿ ಮಗುವನ್ನೆತ್ತಿಕೊಂಡು ಬಾಗಿಲು ದಾಟಿದ್ದರು. ಮೈಕು ಮುಂದಿನ ಹೆಸರು ಓದಿತು.

ಹದಿನೈದು ದಿನ ಬಿಟ್ಟು ಕೊಂಡ್ಲಹಳ್ಳಿಗೆ ಹೋದೆ. ಉಳಿದುಹೋದ ಪ್ರಮಾಣಪತ್ರ ತಲುಪಿಸುವುದು ಅಂತ ಕಾರಣ. ಹೊಲಿಗೆ ಮಿಷನ್ನಿನ ಮೇಲೆ ಹಳೇ ಸೀರೆ ಮುಚ್ಚಿತ್ತು. ಅಕ್ಕನ ಮಾವ ಕಟ್ಟೆಯ ಮೇಲೆ ಕೂತು ಕದಿರು ತಿರುಗಿಸುತ್ತಾ ಉಣ್ಣೆ ನೂಲುತ್ತಿದ್ದರು. ನನ್ನನ್ನು ನೋಡಿ ಬನ್ನಿ ಅನ್ನಲಿಲ್ಲ.

"ಹೊಲಿಯಾಕೆ ಬಟ್ಟೆ ಬರ್ತಿಲ್ಲೇನಕ್ಕ?" ಅಂದೆ.

"ಯಾರು ಕೊಡ್ತಾರೆ ಮೇಡಮ್ಮ? ಮೊದ್ಲು ನಾಕು ರವಿಕೆ ಬಂದಿದ್ವು. ಅವ್ನೂ ವಾಪಸ್ ತಗಂಡು ಹೋದ್ರು. ಅವ್ಳತ್ರ ಹೋಗ್ಬ್ಯಾಡ ಅಂತ ಗಂಡಂದಿರು ಹೇಳ್ಯಾರಂತೆ." ಅವಳು ಒಲೆಯ ಕಡೆ ಮುಖ ಮಾಡಿ ಹೇಳುತ್ತಿದ್ದಳು. "ನಲ್ಲಿ ಹತ್ರ ಹೋದ್ರೆ ಹುಡುಗ್ರು ಕೂಗ್ತಾರೆ. ಅಳತೆ ಅಕ್ಕ ಬಂದ್ಲು, ಅಳತೆ ಅಕ್ಕ ಬಂದ್ಲು ಅಂತ. ಮೊನ್ನೆ ನನ್ ಮಗಳು ಕೇಳಿದ್ಲು, ಅವ್ವಾ, ಅಳತೆ ಅಂದ್ರೆ ಕೆಟ್ಟ ಮಾತಾ ಅಂತ."

ಅವರು ಹಾಗೆ ಅನ್ನಬಾರದಿತ್ತು, ತಪ್ಪು, ಅಂತೇನೋ ಅಂದೆ.

ಆಗ ಅವಳು ನನ್ನ ಕಡೆ ತಿರುಗಿದಳು. "ನೀವೂ ನಕ್ರಲ್ಲ ಮೇಡಮ್ಮ."

ಕುಡಿಯಲು ಕೊಟ್ಟಿದ್ದ ಮಜ್ಜಿಗೆಯ ಲೋಟ ಕೈಯಲ್ಲಿತ್ತು. ಕೆಳಗಿಡಲೂ ಆಗಲಿಲ್ಲ, ಕುಡಿಯಲೂ ಆಗಲಿಲ್ಲ. "ನಕ್ಕೆ ಅಕ್ಕ. ತಪ್ಪಾಯ್ತು" ಅಂದೆ. ಅವಳು ಪರವಾಗಿಲ್ಲ ಅನ್ನಲಿಲ್ಲ. ಅವಳು ಹಾಗನ್ನಲಿ ಅಂತ ನಾನು ಕಾದಿದ್ದೆ ಅನ್ನುವುದೇ ಈಗ ನಾಚಿಕೆ.

ಕಟ್ಟೆಯ ಮೇಲಿಂದ ಮುದುಕರ ದನಿ ಬಂತು. ಸಿಟ್ಟು ಬಂದಾಗ ಅವರಿಗೆ ತೆಲುಗೇ ಬರುತ್ತಿತ್ತು. "ಮೈಕುಲೋ ಅನ್ನಾಡು. ಮೈಕುಲೋನೇ ಚೆಪ್ಪಾಲ." ಮೈಕಿನಲ್ಲಿ ಅಂದಿದ್ದಾನೆ, ಮೈಕಿನಲ್ಲೇ ಹೇಳಬೇಕು. ಅಷ್ಟು ಹೇಳಿ ಮತ್ತೆ ಕದಿರು ತಿರುಗಿಸಿದರು.

ಅಕ್ಕ ಏಳನೇ ಕ್ಲಾಸಿನವರೆಗೆ ಓದಿದ್ದಳು. ಮಗಳ ನೋಟ್‌ಬುಕ್ಕಿನಿಂದ ಒಂದು ಹಾಳೆ ಹರಿದು, ನಾನು ಹೇಳಿಕೊಡಲು ಹೋದರೆ ಬೇಡವೆಂದು, ತಾನೇ ಬರೆದಳು. ಅಧ್ಯಕ್ಷರಿಗೆ ಅಂತ ಶುರುಮಾಡಿ ಐದಾರು ಸಾಲು. ಇಂಥವರು ನನ್ನ ಬಗ್ಗೆ ಇಷ್ಟು ಜನರ ಮುಂದೆ ಇಂಥ ಮಾತು ಆಡಿದ್ದಾರೆ. ಅದೇ ಮಂಟಪದಲ್ಲಿ, ಮೈಕಿನಲ್ಲಿ, ತಪ್ಪಾಯಿತು ಅಂತ ಹೇಳಬೇಕು. ಹೇಳದಿದ್ದರೆ ಅವರು ಹೆಂಗಸರಿಗೆ ಕಲಿಸುವ ಸಂಸ್ಥೆಯಲ್ಲಿ ಇರಬಾರದು. ಕೆಳಗೆ ಪೂರ್ತಿ ಹೆಸರು, ಗಂಡನ ಹೆಸರು, ಊರು. ನಾನು ಅಲ್ಲಿಯವರೆಗೆ ಓದಿದ್ದ ಅರ್ಜಿಗಳಲ್ಲೆಲ್ಲ "ದಯಮಾಡಿ" ಇರುತ್ತಿತ್ತು. ಅದರಲ್ಲಿ ಇರಲಿಲ್ಲ.

ಪತ್ರ ತಂದಿದ್ದು ನಾನೇ ಅನ್ನುವುದು ಮನೆಗೆ ಮೊದಲು ತಲುಪಿತು. ಅವ್ವ ಅಕ್ಕಿ ಆರಿಸುತ್ತಿದ್ದವಳು ಮೊರವನ್ನು ಪಕ್ಕಕ್ಕಿಟ್ಟು ಕೇಳಿದಳು: "ನಿಂಗೆ ಕೆಲ್ಸ ಕೊಡ್ಸಿದ್ದು ಯಾರು?"

"ಮಾವ."

"ನಿಮ್ಮಪ್ಪ ಮಲಗಿದ್ದಾಗ ಆಸ್ಪತ್ರೆಗೆ ಓಡಾಡಿದ್ದು ಯಾರು?"

"ಅವ್ರೇ. ಅದಕ್ಕೂ ಇದಕ್ಕೂ ಏನು ಸಂಬಂಧ ಐತೆ ಅವ್ವ?"

"ಅವನ ಬಾಯಿ ಹಂಗೆ. ಚಿಕ್ಕಂದಿನಿಂದ್ಲೂ ಹಂಗೆ. ಮನಸ್ಸಿನಾಗೆ ಏನೂ ಇರಲ್ಲ."

"ನಿಂಗೂ ಯಾವತ್ತಾದ್ರೂ ಅಂದಿದ್ರಾ?"

ಅವ್ವ ಮೊರವನ್ನು ಮತ್ತೆ ಎಳೆದುಕೊಂಡಳು. ಸುಮಾರು ಹೊತ್ತು ಕಲ್ಲು ಹುಡುಕಿದಳು. ಆಮೇಲೆ, ತಲೆ ಎತ್ತದೆ, "ನಿನ್ನ ಸಣ್ಣ ತಂಗಿ ನಾಮಕರಣದಾಗೆ" ಅಂದಳು. ನಾವು ಮೂರೂ ಹೆಣ್ಣು. "ಊಟಕ್ಕೆ ಕೂತ ಪಂಕ್ತಿನಾಗೆ ಎಲ್ಲರ ಮುಂದೆ ಅಂದ. ನಮ್ಮ ತಂಗಿ ಗಂಡನ ಮನೇರು ಮೋಸ ಹೋದ್ರು, ಒಂದೇ ಮಾಲು ತೆಗೆಯೋ ಮಿಲ್ಲು ತಗಂಡು ಬಂದವ್ರೆ ಅಂತ."

"ನೀನೇನಂದೆ?"

"ಏನಂತೀನಿ? ಎಲ್ಲರೂ ನಕ್ರು. ನಾನೂ ನಕ್ಕೆ. ಕೈಯಾಗೆ ತುಪ್ಪದ ಪಾತ್ರೆ ಇತ್ತು, ಬಡಿಸ್ಕೋತ ಹೋದೆ."

ಇಪ್ಪತ್ತು ವರ್ಷದ ಹಿಂದಿನ ಮಾತು. ಪಾತ್ರೆಯಲ್ಲಿ ಏನಿತ್ತು ಅನ್ನುವುದೂ ಅವಳಿಗೆ ನೆನಪಿತ್ತು. ಆದರೂ ಕೊನೆಗೆ ಅವ್ವ ಹೇಳಿದ್ದು, "ಆ ಕಾಗದ ಹರಿದು ಒಲೆಗೆ ಹಾಕು" ಅಂತಲೇ. ನನಗೆ ಅವ್ವನ ಮೇಲೆ ಸಿಟ್ಟು ಬರಲಿಲ್ಲ. ಆ ಪಂಕ್ತಿಯಲ್ಲಿ ಊಟಕ್ಕೆ ಕೂತಿದ್ದವರೆಲ್ಲರ ಮೇಲೂ ಬಂತು.

ಮಂಡಳಿಯ ಸಭೆ ಸೇರಿತು. ಅಧ್ಯಕ್ಷರು ನಿವೃತ್ತ ಹೆಡ್‌ಮಾಸ್ತರು. ಊರಿಗೆಲ್ಲ ಮೇಷ್ಟ್ರು. ಸಂಭಾವಿತರು, ಯಾರ ಮನಸ್ಸನ್ನೂ ನೋಯಿಸಲಾರದವರು. ಅಂದರೆ ತಮ್ಮ ಸಮಕ್ಕೆ ಕೂತವರ ಮನಸ್ಸನ್ನು. ಅಕ್ಕನ ಪತ್ರವನ್ನು ಅವರು ದನಿ ತಗ್ಗಿಸಿ ಓದಿದರು. ಆ ಮಾತು ಬರುವಲ್ಲಿ "ಇತ್ಯಾದಿ" ಅಂದುಬಿಟ್ಟರು.

"ಮಾತಿನ ಭರದಾಗೆ ಬಂದೈತೆ ಬಿಡ್ರಿ" ಅಂದರು ಒಬ್ಬರು.

"ಹಳ್ಳಿ ಹೆಣ್ಣುಮಗಳು, ಯಾರೋ ಹೇಳಿಕೊಟ್ಟಿರಬೇಕು" ಅಂದರು ಇನ್ನೊಬ್ಬರು. ಹೇಳುವಾಗ ನನ್ನ ಸ್ಟೂಲಿನ ಕಡೆ ನೋಡಿದರು.

ಮೂರನೆಯವರು ಪರಿಹಾರ ಹೇಳಿದರು. "ಕರೆಸಿ ಒಂದು ಸೀರೆ ಕೊಟ್ಟು ಕಳಿಸಾಣ. ಒಳ್ಳೇದೇ ಕೊಡಾಣ, ಮೊಳಕಾಲ್ಮೂರು ರೇಷ್ಮೇದೇ ಕೊಡಾಣ."

ಮಾವ ಕಾಲ ಮೇಲೆ ಕಾಲು ಹಾಕಿಕೊಂಡು ನಗುತ್ತಿದ್ದರು. "ಸೀರೆ ಕೊಟ್ರೆ ರವಿಕೆ ಆಯಮ್ಮನೇ ಹೊಲ್ಕಂತಾಳೆ ಬಿಡ್ರಿ" ಅಂದರು. ಇಬ್ಬರು ಮೂವರು ಕಿಸಕ್ಕನೆ ನಕ್ಕರು. ಮೇಷ್ಟ್ರು ನನ್ನ ಕಡೆ ತಿರುಗಿ, "ಬರ್ಕೋಮ್ಮ. ಸಮಾರಂಭದಲ್ಲಿ ಆಡಿದ ಒಂದು ಹಾಸ್ಯದ ಮಾತಿನ ಬಗ್ಗೆ ಬಂದ ಪತ್ರವನ್ನು ಸಭೆ ಪರಿಶೀಲಿಸಿ, ಇದು ಉದ್ದೇಶಪೂರ್ವಕವಲ್ಲವೆಂದು..."

ನಾನು ಬರೆಯುತ್ತಿದ್ದೆ. ಆದರೆ ಅವರು ಹೇಳಿದ್ದನ್ನಲ್ಲ. ಬರೆದು ಮುಗಿಸಿ ಎದ್ದು ನಿಂತೆ. ನಡಾವಳಿ ಪುಸ್ತಕವನ್ನು ಎದೆಗೆ ಆನಿಸಿಕೊಂಡೆ. "ಬರ್ದಿದ್ದನ್ನ ಓದ್ತೀನಿ ಸರ್" ಅಂದೆ.

ಇಂಥ ಹೆಸರಿನ ಟ್ರಸ್ಟಿಯವರು ಸಂಸ್ಥೆಯ ಸಮಾರಂಭದಲ್ಲಿ ಸಂಸ್ಥೆಯ ಶಿಕ್ಷಣಾರ್ಥಿಯೊಬ್ಬರನ್ನು ಹೆಸರು ಹಿಡಿದು ಕರೆದು ಹೀಗೆ ಹೇಳಿದರು ಅಂತ ಶುರುಮಾಡಿ, ಆ ಮಾತನ್ನು ಅಕ್ಷರ ಬಿಡದೆ ಓದಿದೆ. ಗಂಡ ಇಲ್ಲ ಅಂದಿದ್ದು, ಅಳತೆ ಅಂದಿದ್ದು, ಗಂಡಸರು ಹುಷಾರಾಗಿರಿ ಅಂದಿದ್ದು. ಐದು ನಿಮಿಷದ ಹಿಂದೆ ರವಿಕೆಯ ಬಗ್ಗೆ ಅಂದಿದ್ದನ್ನೂ ಓದಿದೆ. ಮಂಟಪದಲ್ಲಿ ಅಷ್ಟು ಜನರನ್ನು ನಗಿಸಿದ ಮಾತು ಆ ಕೋಣೆಯಲ್ಲಿ, ಒಬ್ಬ ಹೆಂಗಸಿನ ಬಾಯಲ್ಲಿ ಬಂದಾಗ, ಯಾರನ್ನೂ ನಗಿಸಲಿಲ್ಲ. ಒಬ್ಬರು ಕಿಟಕಿಯ ಆಚೆ ನೋಡಿದರು. ಒಬ್ಬರು ಕನ್ನಡಕ ಒರೆಸಿಕೊಂಡರು.

ಮಾವನ ನಗು ಹೋಗಿತ್ತು. "ಲೇ, ನೀನೂ ನಕ್ಕಿದ್ಯಲ್ಲೇ ಅವತ್ತು! ನಾನು ನೋಡಿಲ್ವೇನು?"

"ಹೌದು ಮಾವ, ನಕ್ಕಿದ್ದೆ. ಅದನ್ನೂ ಬರೀತೀನಿ" ಅಂದೆ. ಅಲ್ಲೇ ಗೋಡೆಗೆ ಪುಸ್ತಕ ಒತ್ತಿಕೊಂಡು ಬರೆದೆ: ಆ ಸಮಯದಲ್ಲಿ ವೇದಿಕೆಯಲ್ಲಿದ್ದ ಅಧ್ಯಕ್ಷರು, ಟ್ರಸ್ಟಿಗಳು ಮತ್ತು ಮೇಲ್ವಿಚಾರಕಿ ಯಾರೂ ತಡೆಯಲಿಲ್ಲ. ಮೇಲ್ವಿಚಾರಕಿ ನಕ್ಕಿದ್ದಾರೆ.

"ಇದಕ್ಕೆ ಯಾರು ಸೈನ್ ಹಾಕ್ತಾರೆ?" ಅಂತ ಮಾವ ಕಿರುಚಿದರು. "ಮೇಷ್ಟ್ರೇ, ಆ ಹಾಳೆ ಹರೀರಿ."

ಮೇಷ್ಟ್ರು ಹರಿಯಲೂ ಇಲ್ಲ, ಸಹಿ ಹಾಕಲೂ ಇಲ್ಲ. ಸಭೆಯನ್ನು ಮುಂದಕ್ಕೆ ಹಾಕೋಣ ಅಂದರು. ಪುಸ್ತಕವನ್ನು ಬೀರುವಿನಲ್ಲಿಟ್ಟು ಬೀಗ ಹಾಕಿ, ಕೀಲಿಯನ್ನು ತಮ್ಮ ಜೇಬಿಗೆ ಹಾಕಿಕೊಂಡರು. ಅವತ್ತು ಅವರ ಮೇಲೆ ಬಂದಷ್ಟು ಸಿಟ್ಟು ಮಾವನ ಮೇಲೂ ಬಂದಿರಲಿಲ್ಲ. ಮಾವನಿಗೆ ತಾನು ಮಾಡಿದ್ದು ತಪ್ಪು ಅಂತ ಗೊತ್ತೇ ಇರಲಿಲ್ಲ. ಮೇಷ್ಟ್ರಿಗೆ ಗೊತ್ತಿತ್ತು.

ಅದಾದ ವಾರವೋ ಹತ್ತು ದಿನವೋ, ಬೆಳಗಿನ ಬಳ್ಳಾರಿ ಬಸ್ಸಿನಲ್ಲಿ ಅಕ್ಕ ಬಂದಿಳಿದಳು. ಅವಳ ಜೊತೆ ಮೊಳಕಾಲ್ಮೂರು ಕೇಂದ್ರದ ಎಂಟು ಜನ. ನಾನು ಯಾರನ್ನೂ ಕರೆದಿರಲಿಲ್ಲ. ಅಕ್ಕನೇ ಮನೆ ಮನೆಗೆ ಹೋಗಿ ಕೇಳಿದ್ದಳಂತೆ. ಸೀದಾ ಮೇಷ್ಟ್ರ ಕೋಣೆಗೆ ಹೋಗಿ, ತಮ್ಮ ತಮ್ಮ ಪ್ರಮಾಣಪತ್ರ ಮೇಜಿನ ಮೇಲಿಟ್ಟರು. ಒಬ್ಬಳು ತನ್ನದಕ್ಕೆ ಆಗಲೇ ಕಟ್ಟು ಹಾಕಿಸಿದ್ದಳು, ಗಾಜಿನ ಸಮೇತ ತಂದಿದ್ದಳು.

"ಇದೇನಮ್ಮ ಇದು?" ಅಂದರು ಮೇಷ್ಟ್ರು.

"ವಾಪಸ್ ಇಟ್ಕಳ್ರಿ ಸಾರ್" ಅಂದಳು ಕಟ್ಟಿನವಳು. "ಗೋಡೆಗೆ ಹಾಕಿದ್ದೆ. ಮನೆಗೆ ಬಂದೋರೆಲ್ಲ ಇದನ್ನ ನೋಡಿ ಅವತ್ತಿನ ಮಾತೇ ಎತ್ತಿ ನಗ್ತಾರೆ. ನಿಮ್ ಸಂಸ್ಥೆ ಹೆಸ್ರು ನಮ್ಮನೆ ಗೋಡೆ ಮ್ಯಾಲೆ ಬ್ಯಾಡ."

ಮೇಷ್ಟ್ರು ಒಂದೊಂದೇ ಪತ್ರ ತಿರುಗಿಸಿ ನೋಡಿದರು. ಎಲ್ಲದರ ಕೆಳಗೂ ಅವರದೇ ಸಹಿ. ಮೂವತ್ತು ವರ್ಷ ಮಕ್ಕಳ ಅಂಕಪಟ್ಟಿಗೆ ಸಹಿ ಹಾಕಿದ ಕೈ. ಅಕ್ಕ ಒಂದೇ ಮಾತು ಕೇಳಿದಳು: "ನಿಮ್ ಸ್ಕೂಲಿನಾಗೆ ಒಬ್ಬ ಮೇಷ್ಟ್ರು ಹಿಂಗಂದಿದ್ರೆ ನೀವೇನು ಮಾಡ್ತಿದ್ರಿ ಸಾರ್?"

ಆ ಪ್ರಶ್ನೆಯಿಂದ ಮೇಷ್ಟ್ರು ಬದಲಾದರು ಅಂತ ಹೇಳಲು ನನಗೆ ಇಷ್ಟ. ಸ್ವಲ್ಪ ನಿಜವೂ ಇರಬಹುದು. ಆದರೆ ಉಳಿದವರು ಬದಲಾಗಿದ್ದು ಅದರಿಂದಲ್ಲ. ಬಸ್‌ಸ್ಟ್ಯಾಂಡಿನ ಹತ್ತಿರ ವಾರಪತ್ರಿಕೆ ನಡೆಸುತ್ತಿದ್ದ ಒಬ್ಬರಿಗೆ ಸುದ್ದಿ ಸಿಕ್ಕಿ, ಸಂಜೆಗೆ ಕಚೇರಿಗೆ ಬಂದು ಏನು ವಿಷಯ ಅಂತ ಕೇಳಿದರು. ಮರುದಿನವೇ ಮಂಡಳಿ ಸೇರಿತು. ಒಬ್ಬ ಹೆಣ್ಣುಮಗಳು ನಲ್ಲಿಗೆ ಹೋಗಲಾರದೆ ಎರಡು ತಿಂಗಳು ಒದ್ದಾಡಿದ್ದು ಆ ಜನರನ್ನು ಕುರ್ಚಿಯಿಂದ ಅಲ್ಲಾಡಿಸಲಿಲ್ಲ. ತಮ್ಮ ಹೆಸರು ಪೇಪರಿನಲ್ಲಿ ಬರಬಹುದು ಅನ್ನುವುದು ಒಂದೇ ರಾತ್ರಿಯಲ್ಲಿ ಸಭೆಗೆ ಓಡಿಸಿತು. ನ್ಯಾಯ ಸಿಕ್ಕಿತಲ್ಲ ಅಂತ ಆಮೇಲೆ ಹೇಳಿದವರಿಗೆಲ್ಲ ನಾನು ಇದನ್ನು ಹೇಳುತ್ತಿದ್ದೆ.

ಆ ಸಭೆಯಲ್ಲಿ ಮೇಷ್ಟ್ರು ತಾವೇ ಬರೆದು ತಂದ ಒಂದು ನಿಯಮ ಓದಿದರು. ಸಂಸ್ಥೆಯ ಟ್ರಸ್ಟಿಯಾದವರು ಸಾರ್ವಜನಿಕವಾಗಿ ಹೆಂಗಸರ ಬಗ್ಗೆ ಅಗೌರವವಾಗಿ ಮಾತಾಡಿದರೆ, ಎಲ್ಲಿ ಮಾತಾಡಿದರೋ ಅಲ್ಲೇ, ಯಾರ ಬಗ್ಗೆ ಮಾತಾಡಿದರೋ ಅವರ ಎದುರಿಗೇ ತಪ್ಪೊಪ್ಪಿಕೊಳ್ಳಬೇಕು. ಇಲ್ಲವಾದರೆ ಮಂಡಳಿಯಿಂದ ಹೊರಗೆ. ನಾಲ್ವರು ಕೈ ಎತ್ತಿದರು, ಇಬ್ಬರು ಎತ್ತಲಿಲ್ಲ. ನಾನು ಬರೆದಿದ್ದ ಹಳೆಯ ಹಾಳೆಗೂ ಮೇಷ್ಟ್ರು ಅವತ್ತೇ ಸಹಿ ಹಾಕಿದರು. ಮಾವ ಎದ್ದು ನಿಂತು, "ಆಯ್ತು, ಕೇಳ್ತೀನಿ. ಕ್ಷಮೆ ತಾನೆ? ಅದೇನು ದೊಡ್ಡ ವಿಷ್ಯ" ಅಂದರು.

ಮೊಳಕಾಲ್ಮೂರು ಕೇಂದ್ರದ ವಾರ್ಷಿಕೋತ್ಸವಕ್ಕೆ ಅದೇ ಮಂಟಪ ಹಿಡಿದೆವು. ಚಳ್ಳಕೆರೆಯವರನ್ನು ಈ ಸಲವೂ ಟೆಂಪೋದಲ್ಲಿ ಕರೆತಂದಿದ್ದೆ. ಮಧ್ಯಾಹ್ನದ ಹೊತ್ತು. ಈ ಸಲ ಜನ ಇನ್ನೂ ಹೆಚ್ಚು. ಅಕ್ಕ ಹೆಂಗಸರ ಮಧ್ಯೆ ಕೂತಿದ್ದಳು, ಅವಳ ಮಾವ ಮುಂದಿನ ಸಾಲಿನಲ್ಲಿ, ಕೋಲನ್ನು ಮಂಡಿಯ ನಡುವೆ ನಿಲ್ಲಿಸಿಕೊಂಡು.

ನಮ್ಮ ಮಾವ ಮೈಕು ಹಿಡಿದರು. ಎಂದಿನ ಸಲೀಸು. "ಹೋದ ಸಲ ಇಲ್ಲಿ ತಮಾಷೆಗೆ ಏನೋ ಒಂದೆರಡು ಮಾತು ಬಂತು. ಅದರಿಂದ ಯಾರಿಗಾದ್ರೂ ಬೇಜಾರಾಗಿದ್ರೆ ಕ್ಷಮೆ ಇರ್ಲಿ" ಅಂದು ಮೈಕು ಕೊಡಲು ತಿರುಗಿದರು.

ಅಕ್ಕ ಎದ್ದು ನಿಂತಳು. "ಯಾರಿಗಾದ್ರೂ ಅಲ್ಲ. ನಂಗೆ." ಮೈಕಿಲ್ಲದೆಯೂ ಅವಳ ದನಿ ಗೋಡೆಯವರೆಗೆ ಹೋಯಿತು. "ಅವತ್ತು ನನ್ ಹೆಸ್ರು ಹಿಡಿದು ಕರೆದಿದ್ರಿ. ಇವತ್ತೂ ಹೆಸ್ರು ಹಿಡಿದು ಹೇಳ್ರಿ."

ಮಾವ ನಕ್ಕರು. "ಈಗೇನು ತಾಯಿ, ಕಾಲಿಗೆ ಬೀಳಬೇಕಾ?"

ಹಿಂದಿನಿಂದ ಒಂದಿಬ್ಬರು ನಕ್ಕರು. ಅಷ್ಟೇ. ನಗು ಹರಡಲಿಲ್ಲ.

"ಕಾಲಿಗೆ ಬೀಳಾದು ಬ್ಯಾಡ. ಹೆಸ್ರು ಹಿಡಿದು, ನಾನು ಅಂದಿದ್ದು ತಪ್ಪು ಅನ್ರಿ. ಸಾಕು."

ಅವರು ಅವಳನ್ನೇ ನೋಡಿದರು. ಬಾಯಿ ತೆರೆದರು. ಆ ಹೆಸರು ಅವರ ಬಾಯಿಂದ ಬರಲಿಲ್ಲ. ಹೀಯಾಳಿಸಲು ಅಷ್ಟು ಸುಲಭವಾಗಿ ಬಂದಿದ್ದ ಹೆಸರು. ಮೈಕನ್ನು ಮೇಜಿನ ಮೇಲೆ ಕುಕ್ಕಿದರು, ಅದು ಕಿವಿ ಸೀಳುವಂತೆ ಕೂಗಿತು. ವೇದಿಕೆಯಿಂದ ಇಳಿದು, ನಡುವಿನ ದಾರಿಯಲ್ಲಿ ನಡೆದು, ಜೀಪು ಹತ್ತಿ ಹೋದರು.

ಮೇಷ್ಟ್ರು ಎದ್ದರು. ಅಕ್ಕನ ಪೂರ್ತಿ ಹೆಸರು ಹೇಳಿ, ಅದರ ಹಿಂದೆ "ಅವರು" ಸೇರಿಸಿದರು. "ಇವರ ಬಗ್ಗೆ ಇದೇ ಜಾಗದಲ್ಲಿ, ನಮ್ಮ ಸಂಸ್ಥೆಯ ಹೆಸರಿನಲ್ಲಿ, ಆಡಬಾರದ ಮಾತು ಆಡಿದ್ದಾಯ್ತು. ನಾನು ಪಕ್ಕದ ಕುರ್ಚಿಯಲ್ಲಿ ಕೂತಿದ್ದೆ, ತಡೀಲಿಲ್ಲ. ಅದು ನನ್ನ ತಪ್ಪು. ತಪ್ಪಾಯ್ತಮ್ಮ. ಆ ಮಾತು ಆಡಿದೋರು ಇವತ್ತಿನಿಂದ ನಮ್ಮ ಸಂಸ್ಥೆಯ ಟ್ರಸ್ಟಿ ಅಲ್ಲ."

ಯಾರೂ ಚಪ್ಪಾಳೆ ಹೊಡೆಯಲಿಲ್ಲ. ಅಕ್ಕನ ಮಾವ ಕೋಲೂರಿ ಎದ್ದು, ಸುತ್ತ ಕೂತಿದ್ದ ಗಂಡಸರ ಮುಖಗಳನ್ನು ಒಂದು ಸುತ್ತು ನೋಡಿ, ಮತ್ತೆ ಕೂತರು. ಅಕ್ಕನೂ ಕೂತಳು. ಪಕ್ಕದವಳ ಕೈಯಿಂದ ನೀರಿನ ಚೊಂಬು ತೆಗೆದುಕೊಂಡು ಗಟಗಟ ಕುಡಿದಳು.

ಅವತ್ತು ಚಳ್ಳಕೆರೆಗೆ ಹಿಂತಿರುಗುವ ಟೆಂಪೋದಲ್ಲಿ ನನಗೆ ಗೆದ್ದಷ್ಟು ಖುಷಿ. ಪಕ್ಕದಲ್ಲಿ ನನ್ನಿವಾಳದ ಹುಡುಗಿ ಕೂತಿದ್ದಳು. ಮೊಳಕಾಲ್ಮೂರು ಪಕ್ಕದ ಹಾನಗಲ್ ದಾಟಿದ ಮೇಲೆ ಅವಳು ಮೆಲ್ಲಗೆ ಕೇಳಿದಳು: "ಮೇಡಂ, ನಂಗೆ ಅಂದಿದ್ದು ಪುಸ್ತಕದಾಗೆ ಬರ್ದಿದೀರಾ?"

ಬರೆದಿರಲಿಲ್ಲ. ಅವಳ ಬಣ್ಣದ ಬಗ್ಗೆ ಅಂದಿದ್ದನ್ನು ನಾನು ಮರೆತೇ ಹೋಗಿದ್ದೆ. ಗಂಡಿನ ಕಡೆಯವರು ನೋಡಲು ಬಂದಾಗ ಅವಳ ಸ್ವಂತ ಚಿಕ್ಕಪ್ಪ ಆ ಬ್ಯಾಟರಿಯ ಮಾತನ್ನು ಅವರ ಮುಂದೆ ತಮಾಷೆಯಾಗಿ ಹೇಳಿದನಂತೆ. ಅದನ್ನು ಹೇಳುವಾಗ ಅವಳು ಅಳಲಿಲ್ಲ, ಕಿಟಕಿಯ ಕಬ್ಬಿಣ ಹಿಡಿದುಕೊಂಡಿದ್ದಳು. ಮುಂದಿನ ಸಭೆಯಲ್ಲಿ ಅವಳ ವಿಷಯ ಎತ್ತಿದೆ. "ಒಂದು ಮುಗೀತಲ್ಲಮ್ಮ, ಎಷ್ಟು ಅಂತ ಕೆದಕ್ತೀಯಾ?" ಅಂದರು ಒಬ್ಬ ಟ್ರಸ್ಟಿ. ಮೇಷ್ಟ್ರು ಸುಮ್ಮನಿದ್ದರು. ಅವಳಿಗೆ ಕೊನೆಗೂ ಯಾರೂ ತಪ್ಪಾಯಿತು ಅನ್ನಲಿಲ್ಲ. ನಾನೊಬ್ಬಳು ಅಂದೆ, ಅದು ನನ್ನ ಮಟ್ಟಿಗಷ್ಟೆ.

ಮಾವನಿಗೆ ಏನಾಯಿತು ಅಂದರೆ, ಏನೂ ಆಗಲಿಲ್ಲ. ಆರು ತಿಂಗಳೊಳಗೆ ಇನ್ನೊಂದು ಧರ್ಮಸಂಸ್ಥೆ ಅವರನ್ನು ತನ್ನ ಮಂಡಳಿಗೆ ತೆಗೆದುಕೊಂಡಿತು. ಹಾರ ಹಾಕಿಸಿಕೊಂಡ ಫೋಟೋ ಅವ್ವ ತೋರಿಸಿದಳು. ನಾನು ನಡಾವಳಿಯ ಆ ಹಾಳೆಯ ಪ್ರತಿ ಮಾಡಿಸಿ, ಒಂದು ಪತ್ರ ಬರೆದು, ಆ ಸಂಸ್ಥೆಗೆ ರಿಜಿಸ್ಟರ್ ಅಂಚೆಯಲ್ಲಿ ಕಳಿಸಿದೆ. ತಲುಪಿದ ಚೀಟಿ ಬಂತು, ಉತ್ತರ ಬರಲಿಲ್ಲ. ಮಾವನ ಮಗಳ ಮದುವೆಗೆ ಅವ್ವನನ್ನು ಕರೆದರು, ನನ್ನನ್ನು ಕರೆಯಲಿಲ್ಲ. ಅವ್ವ ಹೊರಟು ನಿಂತವಳು, ಬಾಗಿಲವರೆಗೆ ಹೋಗಿ, ಸೀರೆ ಬಿಚ್ಚಿ ಮಡಿಸಿಟ್ಟಳು. "ಬಿಸಿಲು ಜಾಸ್ತಿ ಐತೆ" ಅಂದಳು.

ಅಕ್ಕನಿಗೆ ಬಟ್ಟೆ ಬರಲು ಮತ್ತೆ ಒಂದು ವರ್ಷ ಹಿಡಿಯಿತು. ಮೊದಲು ಶಾಲೆ ಮಕ್ಕಳ ಸಮವಸ್ತ್ರ, ಆಮೇಲೆ ರವಿಕೆ. ಮೊಳಕಾಲ್ಮೂರು ಕೇಂದ್ರದಲ್ಲಿ ಅವಳನ್ನೇ ಕಲಿಸುವವಳನ್ನಾಗಿ ತೆಗೆದುಕೊಂಡೆವು. ಅಡ್ಡಹೆಸರು ಪೂರ್ತಿ ಹೋಗಲಿಲ್ಲ. ದೊಡ್ಡವರು ಬಿಟ್ಟರು. ಚಿಕ್ಕ ಹುಡುಗರು, ಯಾಕೆ ಅಂತ ಗೊತ್ತಿಲ್ಲದವರು, ಹಾಗೇ ಕರೆಯುತ್ತಾ ಬೆಳೆದರು.

ಎರಡು ಸಾವಿರದ ಆಚೆ ಮೇಷ್ಟ್ರು ತೀರಿಕೊಂಡರು. ಹೊಸ ಅಧ್ಯಕ್ಷರು ಬಂದರು. ಸಂಸ್ಥೆಯ ನಿಯಮಗಳನ್ನೆಲ್ಲ ಕಂಪ್ಯೂಟರಿನಲ್ಲಿ ಹೊಸದಾಗಿ ಟೈಪು ಮಾಡಿಸುವಾಗ ಅವರು ಮೇಷ್ಟ್ರ ನಿಯಮದ ಮೇಲೆ ಪೆನ್ಸಿಲಿನಿಂದ ಗೀಟು ಎಳೆದು ನನಗೆ ಕೊಟ್ಟರು. "ಇದು ಹಳೇ ಜಗಳ, ಬಿಟ್ಬಿಡಮ್ಮ. ಹೊರಗಿನೋರು ಓದಿದ್ರೆ ನಮ್ಮಲ್ಲಿ ಅಂಥೋರು ಇದ್ರು ಅಂತ ಗೊತ್ತಾಗ್ತೈತೆ."

"ಇದ್ರಲ್ಲ ಸರ್" ಅಂದೆ.

ಗೀಟು ಎಳೆದ ಸಾಲುಗಳನ್ನು ಒಂದಕ್ಷರ ಬಿಡದೆ ಟೈಪು ಮಾಡಿ ಸಹಿಗೆ ಇಟ್ಟೆ. ಅವರು ಓದದೆ ಸಹಿ ಹಾಕಿದರು. ಮರುವರ್ಷ ನಾನು ಬೇರೆ ಕೆಲಸ ಸಿಕ್ಕಿ ಆ ಊರು ಬಿಟ್ಟೆ.